ಹಿಂಡಿನ ಹಿಂದೆ ಕಾವಲಿನಲ್ಲಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ, ಕಲ್ಲುಗುಡ್ಡದ ಬುಡದಲ್ಲಿ ಈ ಕಾವಲು ಸಿಗುತ್ತದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ. ಕುರಿ, ಮೇಕೆ ಎರಡೂ ಇದ್ದ ಒಂದು ಹಿಂಡು ಮೇಯಲು ಹೊರಟಿತ್ತು. ಅವು ಯಾವ ಗಿಡಕ್ಕೆ ಬಾಯಿ ಹಾಕುತ್ತವೆ, ಯಾವುದನ್ನು ಬಿಡುತ್ತವೆ ನೋಡೋಣವೆಂದು ನಾನೂ ಹಿಂದೆ ನಡೆದೆ.

ಮೊದಲು ಸಿಕ್ಕಿದ್ದು ತಂಗಡಿ. ಹಳದಿ ಹೂ ಬಿಟ್ಟು ನಿಂತ ಗಿಡಗಳ ನಡುವೆಯೇ ಹಿಂಡು ಹಾದುಹೋಯಿತು, ಒಂದೂ ನಿಲ್ಲಲಿಲ್ಲ. ಹಿಂದೆ ತೊಗಲು ಹದ ಮಾಡಲು ಬಳಸುತ್ತಿದ್ದದ್ದು ಇದರ ತೊಗಟೆಯನ್ನೇ. ತೊಗಲನ್ನು ಹದಕ್ಕೆ ತರುವ ಆ ಒಗರು, ಅಂದರೆ ಟ್ಯಾನಿನ್, ಹೊಟ್ಟೆ ಸೇರಿದರೆ ಮೇವಿನ ಪ್ರೋಟೀನನ್ನು ಹಿಡಿದುಕೊಂಡು ಅರಗಲು ಬಿಡುವುದಿಲ್ಲ. ಮುಂದೆ ಬಂದರಿಕೆ. ಎಲೆ ಹಿಚುಕಿದೆ, ಬೆರಳೆಲ್ಲ ಅಂಟು. ಅದನ್ನೂ ಬಿಟ್ಟು ನಡೆದವು.

ಕರಿಜಾಲಿಯ ಕೆಳಗೆ ಮಾತ್ರ ಒಂದು ಮೇಕೆ ಹಿಂಗಾಲ ಮೇಲೆ ನಿಂತಿತು. ಮುಳ್ಳುಗಳ ಸಂದಿಯಿಂದ ತುಟಿಯಲ್ಲೇ ಎಲೆ ಬಿಡಿಸಿ ತಿಂದಿತು. ನಾಲ್ಕು ಬಾಯಿ ತಿಂದದ್ದೇ ಎಲಚಿಯತ್ತ ಹೋಯಿತು, ಅಲ್ಲಿಂದ ಹುಲ್ಲಿಗೆ. ಜಾಲಿಯಲ್ಲೂ ಟ್ಯಾನಿನ್ ಉಂಟು. ಆದರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಿಂದರೆ ಒಂದೇ ಗಿಡದ ವಿಷ ಮೈಗೆ ಹೆಚ್ಚು ಸೇರುವುದಿಲ್ಲ. ಸೇರಿದ್ದರಲ್ಲಿ ಕೆಲವನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಒಡೆದುಹಾಕುತ್ತವೆ. ವಾಸನೆ ಹಿಡಿದು ಆರಿಸುತ್ತಿತ್ತೋ ರುಚಿ ನೋಡಿಯೋ, ಅಷ್ಟು ಹತ್ತಿರ ನಿಂತರೂ ನನಗೆ ತಿಳಿಯಲಿಲ್ಲ.

ಹಳ್ಳಕ್ಕೆ ಇಳಿದಾಗ ಲಂಟಾನದ ಪೊದೆ ಎದುರಾಯಿತು. ಅದರ ಬುಡದ ಹುಲ್ಲನ್ನಷ್ಟೇ ಕುರಿಗಳು ಕಿತ್ತು ತಿಂದವು. ಕುರಿ ಕಾಯುತ್ತಿದ್ದ ಅಜ್ಜ ಒಂದು ಕುರಿಯನ್ನು ಹಿಡಿದು ಕಿವಿ ತೋರಿಸಿದರು. ತುದಿಯ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿದಿತ್ತು. ಸಂತೆಯಿಂದ ತಂದ ಹೊಸದರಲ್ಲಿ ಹಸಿದು ಈ ಸೊಪ್ಪು ತಿಂದಿತ್ತಂತೆ. ಆ ಗಾಯ ಇದರಿಂದಲೇ ಆದದ್ದೆಂದು ಖಚಿತವಾಗಿ ಹೇಳಲಾರೆ, ಆದರೆ ಲಕ್ಷಣ ಹೊಂದುತ್ತದೆ. ಲಂಟಾನದ ಲಂಟಡೀನ್ ಪಿತ್ತಜನಕಾಂಗವನ್ನು ಕೆಡಿಸಿ ಪಿತ್ತರಸ ಹರಿಯದಂತೆ ಮಾಡುತ್ತದೆ. ಆಗ ಹಸಿರು ಮೇವಿನ ಪತ್ರಹರಿತ್ತಿನಿಂದ ಹುಟ್ಟುವ ಒಂದು ವಸ್ತು ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಬಿಸಿಲು ಬಿದ್ದರೆ ಕಿವಿ, ಮೂತಿಯ ಚರ್ಮ ಬೇಯುತ್ತದೆ. ಅಂಥ ಪ್ರಾಣಿಯನ್ನು ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು.

ಹಳ್ಳ ಹತ್ತಿದರೆ ಬೇಲಿ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ಬೇರೆ ಬೇರೆ ಯೋಜನೆಗಳಿಗೆ ಹೋಗಿದೆ. ಮೇಯುವ ಜಾಗ ಕಿರಿದಾದಷ್ಟೂ ಆರಿಸಿ ತಿನ್ನುವ ಅವಕಾಶವೂ ಕಿರಿದಾಗುತ್ತದೆ. ನನಗೆ ವಿಷಕ್ಕಿಂತ ಇದರದ್ದೇ ಚಿಂತೆ. ಬೇಲಿಯುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿತ್ತು. ಎಲೆ ಬೇಡವೆಂದ ಮೇಕೆಗಳು ಉದುರಿದ ಸಿಹಿ ಕಾಯಿಗಳಿಗೆ ಮುಗಿಬಿದ್ದವು. ಆಗೊಮ್ಮೆ ಈಗೊಮ್ಮೆ ತಿಂದರೆ ಒಳ್ಳೆಯ ಮೇವೇ. ಬೇರೇನೂ ಸಿಗದೆ ತಿಂಗಳುಗಟ್ಟಲೆ ಅದನ್ನೇ ತಿಂದರೆ ಅದರಲ್ಲಿರುವ ಆಲ್ಕಲಾಯ್ಡ್‌ಗಳು ದವಡೆಯ ನರಗಳನ್ನು ಹಾಳುಮಾಡುತ್ತವೆ. ಆಮೇಲೆ ಮೇವು ಬಾಯಲ್ಲಿದ್ದರೂ ಅಗಿಯಲಾಗದೆ ಮೇಕೆ ಸೊರಗುತ್ತದೆ.

ಕೊನೆಗೆ ಒಂದು ಜೋಳದ ಹೊಲ. ಕೊಯ್ದ ಬುಡದಿಂದ ಎಳೆ ಕೂಳೆ ಚಿಗುರಿತ್ತು, ಬಿಸಿಲಿಗೆ ಬಾಡಿತ್ತು. ಅಜ್ಜ ಓಡಿಹೋಗಿ ಹಿಂಡಿಗೆ ಅಡ್ಡ ನಿಂತರು. ಎಳೆ ಜೋಳದಲ್ಲಿ ಸಯನೈಡ್ ಹುಟ್ಟಿಸುವ ವಸ್ತುವಿದೆ, ಬಾಡಿದಾಗ ಅಪಾಯ ಇನ್ನೂ ಜಾಸ್ತಿ. ತಿಂದ ಕುರಿ ಕೆಲವು ನಿಮಿಷಗಳಲ್ಲೇ ಉಸಿರುಗಟ್ಟಿ ಬೀಳಬಹುದು.