ಬಾಡಿಗೆ ಭದ್ರತಾ ಠೇವಣಿ (ಬೆಂಗಳೂರು)

ಬಾಡಿಗೆ ಭದ್ರತಾ ಠೇವಣಿ ಎಂಬುದು ಬಾಡಿಗೆದಾರರು ಮನೆಗೆ ಬರುವ ಮೊದಲು ಮಾಲೀಕರಲ್ಲಿ ಇರಿಸುವ ಮತ್ತು ಮನೆ ತೆರವು ಮಾಡಿದಾಗ ಅವರಿಗೆ ಹಿಂದಿರುಗಬೇಕಾದ ಹಣ. ಬೆಂಗಳೂರಿನ ಆಡುಮಾತಿನಲ್ಲಿ ಇದನ್ನು ‘ಅಡ್ವಾನ್ಸ್’ ಅಥವಾ ‘ಮುಂಗಡ’ ಎನ್ನುತ್ತಾರೆ. ಹೆಸರು ಹೀಗಿದ್ದರೂ ಇದು ಮುಂಚಿತವಾಗಿ ಕಟ್ಟಿದ ಬಾಡಿಗೆಯಲ್ಲ. ಬಾಕಿಗಳನ್ನು ಕಳೆದು ಮಾಲೀಕರು ಮರಳಿ ಕೊಡಲೇಬೇಕಾದ ಮೊತ್ತ.

ರೂಢಿ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಠೇವಣಿ ಪಡೆಯುವ ಪದ್ಧತಿ ಬಹುಕಾಲ ನಡೆದುಬಂದಿದೆ. ಈಚೆಗೆ ಅದಕ್ಕಿಂತ ಕಡಿಮೆ ಪಡೆಯುವವರೂ ಇದ್ದಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ, ಒಂದು ಅಂತಸ್ತಿನಲ್ಲಿ ತಾವು ವಾಸಿಸುತ್ತ ಉಳಿದವನ್ನು ಬಾಡಿಗೆಗೆ ಕೊಡುವ ಮಾಲೀಕರು ಅನೇಕರು. ಠೇವಣಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡುವ ರೂಢಿ ಇಲ್ಲ. ಅದು ಸಾಲದ ತೀರುವಳಿಗೋ ಮನೆಯ ಖರ್ಚಿಗೋ ವಿನಿಯೋಗವಾಗುತ್ತದೆ. ಆದ್ದರಿಂದ ಮುಂದಿನ ಬಾಡಿಗೆದಾರರ ಮುಂಗಡ ಬಂದ ಮೇಲೆಯೇ ಹಿಂದಿನವರಿಗೆ ಹಣ ಕೊಡುವುದಾಗಿ ಹೇಳುವುದು ಸಾಮಾನ್ಯ. ಬಹುತೇಕ ವಿವಾದಗಳ ಮೂಲ ಇಲ್ಲಿದೆ.

ಕಾನೂನಿನ ಸ್ಥಿತಿ

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ ₹3,500 ಮೀರಿದ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಇಂದಿನ ಬಹುಪಾಲು ಮನೆಗಳ ಬಾಡಿಗೆ ಸಂಬಂಧವನ್ನು ಕರಾರುಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ನಿರ್ಧರಿಸುತ್ತವೆ. ಈ ಅಧಿನಿಯಮದ 108ನೇ ಪ್ರಕರಣದಂತೆ ಬಾಡಿಗೆದಾರರು ಮನೆಯನ್ನು ತಾವು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ಬಳಕೆಯಿಂದಾಗುವ ಸಹಜ ಸವಕಳಿಗೆ ಅವರು ಹೊಣೆಗಾರರಲ್ಲ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಠೇವಣಿಯ ಮಿತಿಯಾಗಿ ಸೂಚಿಸುತ್ತದೆ. ಮನೆಯನ್ನು ಮರಳಿ ವಶಕ್ಕೆ ಪಡೆಯುವಾಗಲೇ ಮಾಲೀಕರು ಹಣ ಹಿಂದಿರುಗಿಸಬೇಕೆಂದೂ ಹೇಳುತ್ತದೆ. ₹18,000 ಬಾಡಿಗೆಯ ಮನೆಗೆ ಹತ್ತು ತಿಂಗಳ ಲೆಕ್ಕದಲ್ಲಿ ₹1,80,000 ಆಗುವ ಠೇವಣಿ, ಈ ಮಿತಿಯಂತೆ ₹36,000 ಮಾತ್ರ. ಆದರೆ ಇದು ಮಾದರಿಯಷ್ಟೆ. ರಾಜ್ಯ ಸರ್ಕಾರ ಶಾಸನ ಮಾಡದೆ ಯಾರನ್ನೂ ಬದ್ಧಗೊಳಿಸದು.

ಕಡಿತಗಳು

ಬಾಡಿಗೆ ಬಾಕಿ, ಬೆಸ್ಕಾಂ ಮತ್ತು ಜಲಮಂಡಳಿಯ ಬಿಲ್ಲುಗಳು, ಬಾಡಿಗೆದಾರರಿಂದಾದ ಹಾನಿಯ ದುರಸ್ತಿ ವೆಚ್ಚ ಇವುಗಳನ್ನು ಠೇವಣಿಯಲ್ಲಿ ಕಳೆಯುವುದು ನ್ಯಾಯವಾದುದು. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿಯಾಗಿದ್ದು, ಕರಾರಿನಲ್ಲಿ ಬರೆದಿದ್ದರೆ ಅದಕ್ಕೆ ಆಧಾರವಿರುತ್ತದೆ. ಒಡೆದ ವಾಷ್‌ಬೇಸಿನ್ ಹಾನಿ ಎನಿಸುತ್ತದೆ. ವರ್ಷಗಳ ವಾಸದಿಂದ ಮಂಕಾದ ಗೋಡೆ ಸಹಜ ಸವಕಳಿ. ಕೊನೆಯ ತಿಂಗಳುಗಳ ಬಾಡಿಗೆಯನ್ನು ಕೊಡದೆ ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎನ್ನುವುದಕ್ಕೆ ಕರಾರಿನಲ್ಲಿ ಅವಕಾಶವಿಲ್ಲದಿದ್ದರೆ, ಅದನ್ನು ಬಾಡಿಗೆ ಬಾಕಿಯೆಂದು ಪರಿಗಣಿಸುವ ಸಂಭವವಿದೆ.

ಹಿಂಪಡೆಯುವ ಕ್ರಮ

ಠೇವಣಿಯನ್ನು ಬ್ಯಾಂಕ್ ಮೂಲಕ ಪಾವತಿಸಿ, ಮೊತ್ತ ಹಾಗೂ ಹಿಂದಿರುಗಿಸುವ ದಿನವನ್ನು ಕರಾರಿನಲ್ಲಿ ಬರೆಸುವುದು ಮೊದಲ ಎಚ್ಚರಿಕೆ. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಛಾಯಾಚಿತ್ರ ತೆಗೆದಿರಿಸಿದರೆ ಕಡಿತದ ಚರ್ಚೆಯಲ್ಲಿ ಅವು ನೆರವಾಗುತ್ತವೆ. ತೆರವು ಮಾಡುವ ಮುನ್ನ ಕರಾರಿನ ಅವಧಿಗೆ ಸರಿಯಾಗಿ ಲಿಖಿತ ಸೂಚನೆ ನೀಡಬೇಕು. ಕೊನೆಯ ದಿನ ಇಬ್ಬರೂ ಕೂಡಿ ಮನೆ ನೋಡಿ, ಕಡಿತದ ಲೆಕ್ಕ ಬರೆದು ಸಹಿ ಮಾಡಿ, ಬೀಗದ ಕೈ ಮತ್ತು ಹಣವನ್ನು ಒಟ್ಟಿಗೆ ವಿನಿಮಯ ಮಾಡಿಕೊಳ್ಳುವುದು ಸೂಕ್ತ. ಹಣ ತಡವಾಗುವುದಾದರೆ, ಉಳಿದ ಮೊತ್ತ ಮತ್ತು ಕೊಡುವ ದಿನವನ್ನು ನಮೂದಿಸಿದ ಪತ್ರ ಪಡೆಯದೆ ಬೀಗದ ಕೈ ಒಪ್ಪಿಸಿದರೆ ಬಾಡಿಗೆದಾರರ ಕೈಯಲ್ಲಿ ಆಧಾರ ಉಳಿಯದು. ನಡುವೆ ಮನೆ ಮಾರಾಟವಾದರೆ, ಠೇವಣಿಯ ಹೊಣೆ ತಮ್ಮದೆಂದು ಹೊಸ ಮಾಲೀಕರಿಂದ ಬರೆಸಿಕೊಳ್ಳುವುದು ಒಳಿತು.

ವಿವಾದ ಪರಿಹಾರ

ಮಾತುಕತೆ ಫಲಿಸದಿದ್ದರೆ ವಕೀಲರ ಮೂಲಕ ನೋಟಿಸು ಕಳುಹಿಸುವುದು ವಾಡಿಕೆ. ಅನಂತರ ಸಿವಿಲ್ ನ್ಯಾಯಾಲಯದಲ್ಲಿ ಹಣ ವಸೂಲಿಗೆ ದಾವೆ ಹೂಡಬಹುದು. ಇದಕ್ಕೆ ಸಾಮಾನ್ಯ ಕಾಲಮಿತಿ ಮೂರು ವರ್ಷ. ಪೊಲೀಸರು ಇಂಥ ದೂರನ್ನು ಬಹುಮಟ್ಟಿಗೆ ಸಿವಿಲ್ ವ್ಯಾಜ್ಯವೆಂದೇ ಪರಿಗಣಿಸುತ್ತಾರೆ. ದಾವೆಗೆ ಮೊದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಲೂ ಅವಕಾಶವಿದೆ. ಅಲ್ಲಿನ ರಾಜಿ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಮೇಲ್ಮನವಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.

ಭೋಗ್ಯ

ತಿಂಗಳ ಬಾಡಿಗೆಯ ಬದಲು ದೊಡ್ಡ ಇಡುಗಂಟು ಕೊಟ್ಟು ಅವಧಿ ಮುಗಿದಾಗ ಪೂರ್ಣ ಮೊತ್ತ ಹಿಂಪಡೆಯುವ ಭೋಗ್ಯ ಪದ್ಧತಿಯೂ ನಗರದಲ್ಲಿದೆ. ಆಡುಮಾತಿನಲ್ಲಿ ಇದು ‘ಲೀಸ್’. ಮೊತ್ತ ಲಕ್ಷಗಟ್ಟಲೆ ಇರುವುದರಿಂದ ಅಪಾಯವೂ ಹೆಚ್ಚು. ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೀರಿಸದಿದ್ದರೆ, ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು. ಆದ್ದರಿಂದ ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆದು ಪರಿಶೀಲಿಸುವುದು ಮತ್ತು ಪತ್ರವನ್ನು ನೋಂದಾಯಿಸುವುದು ಅಗತ್ಯ.