ಲ್ಯಾಬಿನೊಳಗೇ ಕಲಿಸಬೇಕಾದ ಕಂಪ್ಯೂಟರ್ ನೀತಿ

ತಪ್ಪು ಕಲ್ಪನೆ: ನೀತಿಗೆ ಬೇರೆ ಒಂದು ಪಾಠವಿದ್ದರೆ ಸಾಕು.

ವಾಸ್ತವ: ಪಾಠ ಈಗಾಗಲೇ ಇದೆ. ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ಪುಸ್ತಕದ ಕೊನೆಯ ಅಧ್ಯಾಯ ಅದಕ್ಕೇ ಮೀಸಲು. ಇಂಜಿನಿಯರಿಂಗಿಗೆ ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಸೇರಿ 1 ಕ್ರೆಡಿಟ್ ಇತ್ತು. ಆದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಪ್ರೋಗ್ರಾಮ್ ಬರೆಯುವ ಹೊತ್ತಿಗೆ ನೆನಪಾಗುವುದಿಲ್ಲ.

ಮೂಡಿಗೆರೆ, ಕಳಸದ ಕಡೆಯ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕಾಫಿ ತೋಟದ ಚೆಕ್‌ರೋಲ್ ಆ್ಯಪ್ ಮಾಡುತ್ತಾರೆಂದು ಇಟ್ಟುಕೊಳ್ಳಿ. ತೋಟದ ಲೆಕ್ಕ ನೋಡುವ ರೈಟರು ಪುಸ್ತಕದಲ್ಲಿ ಬರೆಯುತ್ತಿದ್ದ ಹಾಜರಿ, ಕೊಯ್ದ ಹಣ್ಣಿನ ಕಿಲೋ, ಮುಂಗಡದ ಲೆಕ್ಕ ಎಲ್ಲ ಫೋನಿಗೆ ಬರುತ್ತದೆ. ಒಳ್ಳೆಯ ಕೆಲಸವೇ. ಆದರೆ ಮೇಷ್ಟ್ರು ಅಲ್ಲೇ ಕೇಳಬೇಕು: ಹಾಜರಿ ಹಾಕಲು ಆಧಾರ್ ಸಂಖ್ಯೆ ಯಾಕೆ? ಯಾರ ಸಾಲ ಎಷ್ಟೆಂಬುದು ಲಿಂಕ್ ಸಿಕ್ಕವರಿಗೆಲ್ಲ ಕಾಣಬೇಕೆ? ಅಸ್ಸಾಮಿನಿಂದ ಬಂದು ಕಾರ್ಮಿಕರ ಲೈನ್‌ಮನೆಯಲ್ಲಿರುವ ಹೆಂಗಸಿನ ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳಿದಿರಿ? ಕಿಲೋ ತಪ್ಪಾಗಿ ನಮೂದಾದರೆ ಆಕೆ ತಿದ್ದಿಸುವುದು ಹೇಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನೆಲ್ಲ ಗಮನಿಸಿದೆ. ಒಪ್ಪಿಗೆಯ ಕೋರಿಕೆ ಇಂಗ್ಲಿಷಿನಲ್ಲೋ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೊಂದರಲ್ಲೋ ಸಿಗುವಂತಿರಬೇಕು ಎನ್ನುತ್ತದೆ. ತಿದ್ದಿಸುವ ಹಕ್ಕನ್ನೂ ಕೊಡುತ್ತದೆ. ನನ್ನ ಮಟ್ಟಿಗೆ ಇಡೀ ನೀತಿಪಾಠ ಈ ಒಂದು ಆ್ಯಪ್‌ನಲ್ಲೇ ಇದೆ.

ತಪ್ಪು ಕಲ್ಪನೆ: ತಂತ್ರಾಂಶ ಕದ್ದರೆ ನಷ್ಟ ದೊಡ್ಡ ಕಂಪನಿಗೆ ಮಾತ್ರ.

ವಾಸ್ತವ: ಕನ್ನಡದ 'ಬರಹ'ವನ್ನು ನೋಡಿ. 1998ರಲ್ಲಿ ಬಂದ ಆ ತಂತ್ರಾಂಶದ ಹಿಂದೆ ಕಂಪನಿಯಲ್ಲ, ಶೇಷಾದ್ರಿವಾಸು ಚಂದ್ರಶೇಖರನ್ ಎಂಬ ಒಬ್ಬರ ದುಡಿಮೆ ಇತ್ತು. ಅದರ ಫಾಂಟ್ ವಿನ್ಯಾಸ 'ನುಡಿ' ಎಂಬ ಇನ್ನೊಂದು ಕನ್ನಡ ತಂತ್ರಾಂಶದಲ್ಲಿ ಬಳಕೆಯಾಗಿದೆಯೇ ಎಂಬ ವಿವಾದ ಮುಂದೆ ಕನ್ನಡ ಲೋಕದಲ್ಲಿ ದೊಡ್ಡದಾಗಿಯೇ ಎದ್ದಿತು. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ತಲೆಕೆಡಿಸಿಕೊಂಡಿದ್ದರೆಂಬುದು ಆ ಕಡೆಯ ಮಕ್ಕಳಿಗೆ ಗೊತ್ತಾಗಬೇಕು. ದುಡ್ಡಿಲ್ಲ ಎನ್ನುವುದೂ ನೆಪವಾಗಬೇಕಿಲ್ಲ. ಲಿಬ್ರೆಆಫೀಸ್, ಜಿಂಪ್, ಲಿನಕ್ಸ್ ಎಲ್ಲವೂ ಉಚಿತ. ಉಚಿತವಾದರೂ ಅವಕ್ಕೆ ಪರವಾನಗಿಯ ಷರತ್ತುಗಳಿವೆ, ಅವನ್ನು ಓದುವುದನ್ನೂ ಕಲಿಸಬೇಕು.

ತಪ್ಪು ಕಲ್ಪನೆ: ಸ್ನೇಹಿತನ ಪಾಸ್‌ವರ್ಡ್ ಬಳಸಿದರೆ ಅದು ಬರೀ ತಮಾಷೆ.

ವಾಸ್ತವ: ಮೋಸದ ಉದ್ದೇಶದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕಾನೂನಿಗೆ ಸಿಗದಿದ್ದರೂ ಆ ಸ್ನೇಹಿತನ ಖಾಸಗಿ ಮಾತುಗಳನ್ನು ಓದಿದ್ದು ಓದಿದ್ದೇ.

ತಪ್ಪು ಕಲ್ಪನೆ: ನಾನು ಬರೆದದ್ದಲ್ಲ, ಫಾರ್ವರ್ಡ್ ಮಾಡಿದ್ದಷ್ಟೇ.

ವಾಸ್ತವ: 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಅಮಾಯಕ ಇಂಜಿನಿಯರ್ ಬಲಿಯಾದ. ಆ ಸಂದೇಶ ಮುಂದೆ ದಾಟಿಸಿದ ಹೆಚ್ಚಿನವರು ಅದನ್ನು ಬರೆದವರಲ್ಲ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಆಗುವಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಒಂದು ಬಟನ್ ಹೇಗಿರಬೇಕೆಂಬ ತೀರ್ಮಾನಕ್ಕೂ ಜೀವದ ಬೆಲೆ ಇರಬಹುದೆಂದು ಪ್ರೋಗ್ರಾಮ್ ಬರೆಯಲು ಕೂತ ಹುಡುಗ ಹುಡುಗಿಯರಿಗೆ ತೋರಿಸಲು ಇದನ್ನೇ ತೆಗೆದುಕೊಳ್ಳಬೇಕು.

ತಪ್ಪು ಕಲ್ಪನೆ: ಎಐ ಬರೆದುಕೊಟ್ಟ ಕೋಡ್ ಯಾರದ್ದೂ ಅಲ್ಲ, ಹಾಗಾಗಿ ಅದು ನಕಲಲ್ಲ.

ವಾಸ್ತವ: ರೆಕಾರ್ಡ್ ಪುಸ್ತಕದಲ್ಲಿ ಸಹಿ ವಿದ್ಯಾರ್ಥಿಯದು. ಯಾವ ಸಾಲು ಎಲ್ಲಿಂದ ಬಂತೆಂದು ಅಲ್ಲೇ ಬರೆಸಿ, ವೈವಾದಲ್ಲಿ ಆ ಸಾಲನ್ನೇ ವಿವರಿಸಲು ಹೇಳಿ. ಸಹಾಯ ಪಡೆದದ್ದಕ್ಕೆ ಅಂಕ ಕಳೆಯಬೇಡಿ, ಮುಚ್ಚಿಟ್ಟದ್ದಕ್ಕೆ ಕಳೆಯಿರಿ.