ಹತ್ತು ಕಿಲೋ ರಾಗಿಯಲ್ಲಿ ಆರು ಕಾಳು

ಸಾವಿರ ರಾಗಿ ಕಾಳು ಎಣಿಸಿ ತಕ್ಕಡಿಗೆ ಹಾಕಿದರೆ ಎರಡೂವರೆ ಗ್ರಾಂ ಆಸುಪಾಸು ತೂಗುತ್ತದೆ. ತಳಿ ಬೇರೆಯಾದರೆ ತುಸು ಹೆಚ್ಚುಕಡಿಮೆ. ಆ ಲೆಕ್ಕದಲ್ಲಿ 41 ಲಕ್ಷ ಕಾಳು ಅಂದರೆ ಹತ್ತು ಕಿಲೋ ಚಿಲ್ಲರೆ. ನಂಜನಗೂಡಿನಾಚೆಯ ಕವಲಂದೆ ಕಡೆಯ ಸಣ್ಣ ಸಂಸಾರಕ್ಕೆ ಒಂದಷ್ಟು ದಿನದ ಮುದ್ದೆ. ಅದರಲ್ಲಿ ಆರೇ ಆರು ಕಾಳು ಕೆಟ್ಟಿವೆ ಎಂದುಕೊಳ್ಳಿ. ಮೊರ ಹಿಡಿದು ಕೂತ ಯಾವ ಅಜ್ಜಿಯೂ ಆ ಆರಕ್ಕಾಗಿ ಅಷ್ಟೂ ರಾಗಿಯನ್ನು ತಿಪ್ಪೆಗೆ ಸುರಿಯುವವಳಲ್ಲ. 2006ರ ಆಗಸ್ಟ್ 14ರಂದು ಡೆಲ್ ಕಂಪನಿ ಮಾಡಿದ್ದು ಮಾತ್ರ ಅದನ್ನೇ.

ಅಂದು ಅದು ವಾಪಸ್ ಕರೆದ ಲ್ಯಾಪ್‌ಟಾಪ್ ಬ್ಯಾಟರಿಗಳು 41 ಲಕ್ಷ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಪ್ರಕಟಣೆಯಲ್ಲಿದ್ದ ಅವಘಡಗಳು ಆರು. ಪೀಠೋಪಕರಣ, ಸಾಮಾನು ಹಾಳಾಗಿದ್ದವು, ಯಾರಿಗೂ ಗಾಯವಾಗಿರಲಿಲ್ಲ. ಸುಮಾರು 6.83 ಲಕ್ಷಕ್ಕೆ ಒಂದು! ಹತ್ತು ದಿನ ಕಳೆಯುವಷ್ಟರಲ್ಲಿ ಆಪಲ್ 18 ಲಕ್ಷ ಬ್ಯಾಟರಿಗಳನ್ನು ಕರೆಯಿತು, ಆಮೇಲೆ ಲೆನೊವೊ, ತೋಶಿಬಾ ಸರದಿ. ಹೊರಮೈಯ ಹೆಸರು ಯಾರದೇ ಇರಲಿ, ಒಳಗಿನ ಸೆಲ್ಲು ಸೋನಿಯದು. ಅಕ್ಟೋಬರ್ ಹೊತ್ತಿಗೆ ಸೋನಿಯೇ ಕೊಟ್ಟ ಅಂದಾಜು: 96 ಲಕ್ಷ ಬ್ಯಾಟರಿ, 5,100 ಕೋಟಿ ಯೆನ್ ಖರ್ಚು.

96 ಲಕ್ಷ ಎನ್ನುವುದು ಬಾಯಿಗೆ ಸಲೀಸು, ಕಣ್ಣಿಗೆ ಕಾಣುವುದಿಲ್ಲ. ಕಾಣಬೇಕಾದರೆ ಕವಲಂದೆಯ ರೈಲು ನಿಲ್ದಾಣಕ್ಕೆ ಹೋಗಿ ನಿಲ್ಲಬೇಕು. ಮೈಸೂರಿನಿಂದ ನಂಜನಗೂಡು ದಾಟಿ ಇಲ್ಲಿ ನಿಂತು ಚಾಮರಾಜನಗರ ಸೇರುವ ಹಳಿಯ ಉದ್ದ ಸುಮಾರು 61 ಕಿ.ಮೀ. ಆ ಕಾಲದ ಲ್ಯಾಪ್‌ಟಾಪ್ ಬ್ಯಾಟರಿಯ ಒಳಗೆ ಸಾಮಾನ್ಯವಾಗಿ ಆರು ಉರುಟು ಸೆಲ್ಲುಗಳು. ಒಂದೊಂದೂ 65 ಮಿಲಿಮೀಟರ್ ಉದ್ದ, 18 ಮಿಲಿಮೀಟರ್ ದಪ್ಪ. ಗೋಡೆ ಗಡಿಯಾರದ ಪೆನ್ ಸೆಲ್ಲಿಗೆ ಅಣ್ಣನಂತಿರುತ್ತದೆ. ಎಲ್ಲದರಲ್ಲೂ ಆರಾರು ಎಂದು ಹಿಡಿದರೆ 5.76 ಕೋಟಿ ಸೆಲ್ಲು. ಒಂದರ ತಲೆಗೆ ಇನ್ನೊಂದರ ಬುಡ ತಾಗಿಸಿ ಸಾಲಾಗಿ ಮಲಗಿಸುತ್ತ ಹೋದರೆ 3,744 ಕಿ.ಮೀ. ಮೈಸೂರು–ಚಾಮರಾಜನಗರದ ನಡುವೆ ಮೂವತ್ತು ಸಲ ಹೋಗಿ ಬಂದು, ಮತ್ತೊಂದು ಸಲ ಹೋದಷ್ಟು ದೂರ. ಕವಲಂದೆ ಪ್ಲಾಟ್‌ಫಾರಂ ಮೇಲೆ ನಿಂತವರ ಮುಂದೆ ಅಕ್ಕಪಕ್ಕ 61 ಸಾಲು. ತೂಕದ ಮಾತು ಬೇಕೆಂದರೆ, ಬ್ಯಾಟರಿಗೆ 300 ಗ್ರಾಂನಂತೆ 2,880 ಟನ್. ಹತ್ತು ಟನ್ನಿನ ಲಾರಿಗಳಾದರೆ 288.

ಇಷ್ಟೆಲ್ಲ ಸಾಗಿದ್ದು ಧೂಳಿನ ಕಣದ ದೆಸೆಯಿಂದ. ಸೆಲ್ಲಿನ ತಗಡು ಬಿಚ್ಚಿದರೆ (ಯಾರೂ ಬಿಚ್ಚಬೇಡಿ) ಒಳಗೆ ಸುಮಾರು ಎರಡಡಿ ಉದ್ದದ ಪಟ್ಟಿಗಳು ಚಾಪೆಯಂತೆ ಸುರುಳಿ ಸುತ್ತಿ ಕೂತಿರುತ್ತವೆ. ಧನ ಪಟ್ಟಿಗೂ ಋಣ ಪಟ್ಟಿಗೂ ನಡುವೆ ಒಂದು ಪ್ಲಾಸ್ಟಿಕ್ ಪೊರೆ, ದಪ್ಪ 20 ಮೈಕ್ರಾನ್ ಆಸುಪಾಸು. ತಲೆಗೂದಲು 70 ಮೈಕ್ರಾನ್ ಇರುತ್ತದೆ. ಕೂದಲನ್ನು ಉದ್ದಕ್ಕೆ ಮೂರು ಸೀಳಿದರೆ ಒಂದು ಸೀಳು ಈ ಪೊರೆಯ ದಪ್ಪಕ್ಕೆ ಬರುತ್ತದೆ. ತಯಾರಿಕೆಯ ವೇಳೆ ಕಣ್ಣಿಗೆ ಕಾಣದ ಲೋಹದ ಚೂರುಗಳು ಒಳಗೆ ಉಳಿದುಬಿಟ್ಟಿದ್ದವು ಎಂದು ಸೋನಿ ಒಪ್ಪಿಕೊಂಡಿತು. ಅಂಥ ಚೂರು ಇರಬಾರದ ಜಾಗದಲ್ಲಿ ಕೂತು ಪೊರೆ ದಾಟಿತೆಂದರೆ ಒಳಗೊಳಗೇ ಶಾರ್ಟು.

ಆ ಪೊರೆಯನ್ನೆಲ್ಲ ಬಿಡಿಸಿ ಹಾಸಿದರೆ? ಸೆಲ್ಲಿಗೆ ಎರಡಡಿ ಉದ್ದ, ಐದೂವರೆ ಸೆಂಟಿಮೀಟರ್ ಅಗಲ, ಒಂದೇ ಪದರವೆಂದು ಹಿಡಿದರೂ 5.76 ಕೋಟಿ ಸೆಲ್ಲಿಗೆ 470 ಎಕರೆ ಹತ್ತಿರ ಬರುತ್ತದೆ. ಒಂದು ಹಳ್ಳಿಯ ಹೊಲಗದ್ದೆಯಷ್ಟು ಪೊರೆ. ಅದರಲ್ಲಿ ಯಾವ ಮೂಲೆಯಲ್ಲಿ, ರಾಗಿ ಹಿಟ್ಟಿಗಿಂತ ನುಣುಪಾದ ಯಾವ ಚೂರು ಯಾವತ್ತು ಕೆಟ್ಟದ್ದಕ್ಕೆ ಕೂತಿದೆ ಎಂದು ಹುಡುಕುವುದು ಹೇಗೆ? ಮೊಹರಾದ ತಗಡಿಗೆ ಮೊರ ಇಲ್ಲ. ಕೆಟ್ಟ ಕಾಳನ್ನು ಆರಿಸಲಾಗದವನಿಗೆ ಇರುವುದು ಒಂದೇ ದಾರಿ, ಇಡೀ ಚೀಲವನ್ನು ತರಿಸಿಕೊಳ್ಳುವುದು.

ಹಾಗೆಂದು ಸುಮ್ಮನಿರುವ ಹಾಗೂ ಇರಲಿಲ್ಲ. ಪೂರ್ತಿ ಚಾರ್ಜಾದ ಒಂದು ಬ್ಯಾಟರಿಯಲ್ಲಿ ಸುಮಾರು 50 ವ್ಯಾಟ್-ಗಂಟೆ ಶಕ್ತಿ, ಅಂದರೆ 1.8 ಲಕ್ಷ ಜೂಲ್. ಅಷ್ಟರಲ್ಲಿ ಅರವತ್ತು ಕಿಲೋ ತೂಗುವ ಒಬ್ಬ ಮನುಷ್ಯನನ್ನು ನೆಟ್ಟಗೆ 306 ಮೀಟರ್ ಮೇಲೆತ್ತಬಹುದು. ಮೈಸೂರು ಊರಿನಿಂದ ಚಾಮುಂಡಿ ಬೆಟ್ಟದ ನೆತ್ತಿಗೆ ಇರುವ ಎತ್ತರ ಹೆಚ್ಚೂಕಮ್ಮಿ ಅಷ್ಟೇ! ಸಾವಿರ ಮೆಟ್ಟಿಲಿನ ಶ್ರಮ, ತೊಡೆಯ ಮೇಲಿನ ಅಂಗೈ ಅಗಲದ ಡಬ್ಬಿಯಲ್ಲಿ. ಅದು ಎರಡು ಮೂರು ಗಂಟೆಯಲ್ಲಿ ಹನಿಹನಿಯಾಗಿ ಹರಿದರೆ ಪರದೆ ಬೆಳಗುತ್ತದೆ. ಒಂದೇ ಸಲಕ್ಕೆ ನುಗ್ಗಿದರೆ ಒಂದು ಸೆಲ್ಲಿನ ಶಾಖಕ್ಕೆ ಪಕ್ಕದ್ದು, ಅದರ ಶಾಖಕ್ಕೆ ಮುಂದಿನದು ಹೊತ್ತಿಕೊಳ್ಳುತ್ತವೆ; ಒಳಗಿನ ದ್ರಾವಣವೂ ಉರಿಯುವಂಥದೇ. 96 ಲಕ್ಷ ಬ್ಯಾಟರಿಗಳ ವಿದ್ಯುತ್ತನ್ನು ಒಟ್ಟುಗೂಡಿಸಿದರೆ 4.8 ಲಕ್ಷ ಯೂನಿಟ್ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ 2,400 ಮನೆಗಳಿಗೆ ಒಂದು ತಿಂಗಳು.

ನಮ್ಮ ಕಡೆಯ ಹಳ್ಳಿಗಳಲ್ಲಿ ಆಗ ಲ್ಯಾಪ್‌ಟಾಪ್ ಅಪರೂಪ. ವಾಪಸ್ ಕರೆಯ ಬಿಸಿ ಇಂಥ ಊರುಗಳಿಗೆ ತಟ್ಟುವ ಹಾಗೆ ಬಂದದ್ದು ಮರುವರ್ಷ, ಟಾರ್ಚ್ ಇದ್ದ ನೋಕಿಯಾ ಫೋನುಗಳ ಕಾಲದಲ್ಲಿ. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಗೆ ಎಚ್ಚರಿಕೆ ಹೊರಡಿಸಿತು: ಮತ್ಸುಶಿತಾ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮಾಡಿಕೊಟ್ಟವು ಚಾರ್ಜ್ ಮಾಡುವಾಗ ಕಾದುಹೋಗಬಹುದು, ಬೇಕಾದವರಿಗೆ ಪುಕ್ಕಟೆ ಬದಲಿ. 2001ರ ಜನಗಣತಿಯಲ್ಲಿ ಕರ್ನಾಟಕದ ಜನ 5.28 ಕೋಟಿ. ಕೂಸು, ಮುದುಕರೆನ್ನದೆ ರಾಜ್ಯದ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿಯ ಕೈಗೆ ಒಂದೊಂದು ಇಟ್ಟಷ್ಟಾಯಿತು. ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣ ಸುಮಾರು ನೂರು. ರಾಗಿಯ ಲೆಕ್ಕಕ್ಕೆ ತಂದರೆ ಒಂದು ಕ್ವಿಂಟಲಿನ ಮೇಲೆ ಹದಿನೈದು ಕಿಲೋ, ಅದರಲ್ಲಿ ನೂರು ಕಾಳು.

ನಮ್ಮದು ಆ 4.6 ಕೋಟಿಯಲ್ಲಿದೆಯೋ ಇಲ್ಲವೋ ಎಂದು ತಿಳಿಯಲು ಬ್ಯಾಟರಿ ತೆಗೆದು ಬೆನ್ನು ತಿರುಗಿಸಿ 26 ಅಕ್ಷರ-ಅಂಕಿಗಳನ್ನು ಒಂದೂ ಬಿಡದೆ ಓದಬೇಕಿತ್ತು. ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನದು. ಸೊನ್ನೆಯೋ ‘ಓ’ಯೋ ತಿಳಿಯದೆ ತಡವರಿಸಿದವರು ಎಷ್ಟು ಜನವೋ. ನನಗೆ ಈ ಇಡೀ ಪ್ರಕರಣದಲ್ಲಿ ದೊಡ್ಡ ಸಂಖ್ಯೆ ಅನಿಸುವುದು ಕೋಟಿಗಳಲ್ಲ, ಈ 26. ಕಾರ್ಖಾನೆ, ತಿಂಗಳು, ತಂಡ ಎಲ್ಲವನ್ನೂ ಕಟ್ಟಿಟ್ಟ ಗಂಟು ಅದೇ. ಅದಿಲ್ಲದಿದ್ದರೆ ನೋಕಿಯಾ ಕರೆಯಬೇಕಿದ್ದದ್ದು 4.6 ಕೋಟಿಯಲ್ಲ, ಅಲ್ಲಿಯವರೆಗೆ ತಯಾರಾಗಿದ್ದ 30 ಕೋಟಿ ಬಿಎಲ್-5ಸಿಗಳನ್ನೂ.

2019ರಲ್ಲೂ ಇಂಥದೇ ವಾಪಸ್ ಕರೆ ಬಂತು. ಆಪಲ್ ಹಳೆಯ 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳನ್ನು ಕರೆದಾಗ ಅಮೆರಿಕವೊಂದರಲ್ಲೇ 4.32 ಲಕ್ಷ, ಕಾದ ಪ್ರಕರಣ 26. ಆ ಆಗಸ್ಟಿನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಅವನ್ನು ವಿಮಾನಕ್ಕೆ ತರಬೇಡಿ ಎಂದಿತು. ವಾಪಸ್ ಕರೆದ ಬ್ಯಾಟರಿಗೆ ವಿಮಾನ ನಿಷಿದ್ಧ, ಸರಕಾಗಿಯೂ ಹತ್ತುವಂತಿಲ್ಲ. ಬಿಡಿಯಾಗಿ ಸಾಗಿಸುವ ಹೊಸ ಬ್ಯಾಟರಿ ಸರಕು ವಿಮಾನದಲ್ಲಿ ಬರಬಹುದು, ಅದೂ ಶೇಕಡಾ 30 ಮೀರದ ಚಾರ್ಜಿನಲ್ಲಿ. ಹೊಸದು ಹಾರಿ ಬರುತ್ತದೆ, ಹಳೆಯದು ಲಾರಿ, ಹಡಗು ಹಿಡಿಯುತ್ತದೆ.

ಸೋನಿ ಸೆಲ್ಲಿನ ಆ ಬ್ಯಾಟರಿಗಳಲ್ಲಿ ಲಿಥಿಯಂ ಎಷ್ಟು? ಬ್ಯಾಟರಿಗೆ ನಾಲ್ಕು ಗ್ರಾಂ. ಒಂದು ಟೀ ಚಮಚ ಉಪ್ಪಿಗಿಂತಲೂ ಕಡಿಮೆ ತೂಕ. 96 ಲಕ್ಷಕ್ಕೂ ಸೇರಿ 38 ಟನ್. ತಿ. ನರಸೀಪುರದ ಸಂಗಮದಿಂದ ಕಾವೇರಿಯ ಗುಂಟ ಮೇಲಕ್ಕೆ ಹೋದರೆ ಶ್ರೀರಂಗಪಟ್ಟಣದ ಸೀಮೆ. ಅಲ್ಲಿನ ಮಾರ್ಲಗಲ್ಲ–ಅಲ್ಲಾಪಟ್ಟಣದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇದೆಯೆಂದು ಅಣುಖನಿಜ ನಿರ್ದೇಶನಾಲಯ ಅಂದಾಜಿಸಿದೆ. 40 ಕೋಟಿ ಲ್ಯಾಪ್‌ಟಾಪ್‌ಗೆ ಸಾಕು.

ಬಿಎಲ್-5ಸಿ ಇನ್ನೂ ಸತ್ತಿಲ್ಲ. ಜಾತ್ರೆಗಳಲ್ಲಿ ಮಾರುವ, ದೇವರನಾಮ ಹಾಡುವ ಪುಟ್ಟ ಸ್ಪೀಕರಿನ, ಕೈ ರೇಡಿಯೋದ ಮುಚ್ಚಳ ತೆಗೆಯಿರಿ, ಅದೇ ಅಳತೆಯ ಚಪ್ಪಟೆ ಬ್ಯಾಟರಿ ಸಿಗುತ್ತದೆ. ಯಾರು ಮಾಡಿದರೋ, ಯಾವ ವರ್ಷವೋ. ಎಷ್ಟೋ ಸಲ ಬೆನ್ನು ತಿರುಗಿಸಿದರೆ ಹೆಸರಿರುತ್ತದೆ, ಆ 26 ಅಕ್ಷರಗಳು ಇರುವುದಿಲ್ಲ.